ಪ್ರೊಸೆಸರ್, ಪಾಠ, ಪ್ಲೇಸ್‌ಮೆಂಟ್: ಹುಬ್ಬಳ್ಳಿ–ಧಾರವಾಡದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪ್ಯೂಟರ್ ಆರ್ಕಿಟೆಕ್ಚರ್, ಅಂದರೆ ಪ್ರೊಸೆಸರ್‌ನ ಒಳರಚನೆಯ ವಿಷಯ, ಕಲಿಸುವವರಿಗೆ ಸೆಮಿಸ್ಟರ್ ಆರಂಭದಲ್ಲಿ ಒಂದು ಬಗೆಯ ಪ್ರಶ್ನೆಗಳು ಬರುತ್ತವೆ, ಪ್ಲೇಸ್‌ಮೆಂಟ್ ಹತ್ತಿರವಾದಾಗ ಇನ್ನೊಂದು ಬಗೆಯವು. ಮೊದಲಿನವು ವಿದ್ಯಾರ್ಥಿಗಳವು, ನಂತರದವು ಹೆಚ್ಚಾಗಿ ತಂದೆತಾಯಿಗಳವು. ಗದಗ, ಹಾವೇರಿ ಕಡೆಯಿಂದ ದಿನವೂ ರೈಲಿನಲ್ಲೋ ಬಸ್ಸಿನಲ್ಲೋ ಓಡಾಡುವವರು, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವರು, ಪಾಲಿಟೆಕ್ನಿಕ್ ಉಪನ್ಯಾಸಕರು ಕೇಳಿದ್ದನ್ನೆಲ್ಲ ಇಲ್ಲಿ ಕೂಡಿಸಿದ್ದೇನೆ. ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಧಾರಾಳವಾಗಿದೆ. ಒಪ್ಪದವರು ವಾದಕ್ಕೆ ಬರಬಹುದು, ಧಾರವಾಡದಲ್ಲಿ ವಾದಕ್ಕೇನೂ ಬರವಿಲ್ಲ.

ನಾನು ಮುಂದೆ ಆ್ಯಪ್ ಬರೆಯುವವನು. ಪ್ರೊಸೆಸರ್ ಒಳಗೆ ಏನು ನಡೆಯುತ್ತದೆ ಎಂಬುದು ನನಗೇಕೆ?

ಇಪ್ಪತ್ತೈದು ವರ್ಷಗಳ ಹಿಂದೆ ಕೇಳಿದ್ದರೆ "ಪರೀಕ್ಷೆಗಷ್ಟೇ ಓದಿಕೊಳ್ಳಿ" ಎಂದು ಹೇಳಿ ಪಾರಾಗಬಹುದಿತ್ತು. ಆಗ ನಿಮ್ಮ ಪ್ರೋಗ್ರಾಂ ನಿಧಾನವಾಗಿದ್ದರೆ ಎರಡು ವರ್ಷ ಕಾದರೆ ಸಾಕಿತ್ತು. ಹೊಸ ಪ್ರೊಸೆಸರ್ ಬರುತ್ತಿತ್ತು, ಒಂದು ಸಾಲನ್ನೂ ತಿದ್ದದ ಅದೇ ಪ್ರೋಗ್ರಾಂ ತಾನಾಗಿ ವೇಗ ಪಡೆಯುತ್ತಿತ್ತು. ಆ ಕಾಲ ಮುಗಿದಿದೆ. ಈಗ ವೇಗ ಬೇಕೆಂದರೆ ಅದು ಎಲ್ಲಿ ಸೋರಿಹೋಗುತ್ತಿದೆ ಎಂದು ಪ್ರೋಗ್ರಾಂ ಬರೆದವರೇ ಹುಡುಕಬೇಕು, ಹುಡುಕಲು ಒಳಗಿನ ರಚನೆ ಗೊತ್ತಿರಬೇಕು.

ಚಿಕ್ಕ ಉದಾಹರಣೆ ಕೊಡುತ್ತೇನೆ. ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಎಂಟು ಬೈಟ್. ಅದನ್ನೇ "ಹುಬ್ಬಳ್ಳಿ" ಎಂದು ಬರೆದು ಸಿ ಭಾಷೆಯಲ್ಲಿ ಅದರ ಉದ್ದ ಕೇಳಿದರೆ 27 ಎಂಬ ಉತ್ತರ ಬರುತ್ತದೆ. ಕಣ್ಣಿಗೆ ಕಾಣುವುದು ಮೂರು ಅಕ್ಷರ. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ವ್ಯಂಜನ, ಸ್ವರಚಿಹ್ನೆ, ವಿರಾಮ (ಒತ್ತಕ್ಷರ ಮಾಡುವ ಚಿಹ್ನೆ) ಎಲ್ಲ ಸೇರಿ ಒಂಬತ್ತು ಸಂಕೇತ, ಅವನ್ನು ಮೆಮರಿಯಲ್ಲಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ ಮೂರು ಬೈಟ್. ಲಕ್ಷಗಟ್ಟಲೆ ಕನ್ನಡ ಹೆಸರುಗಳಲ್ಲಿ ಹುಡುಕುವ ಆ್ಯಪ್ ಬರೆಯುವವನಿಗೆ ಇದು ಬರೀ ಕುತೂಹಲದ ಸಂಗತಿಯಲ್ಲ. ಪ್ರೊಸೆಸರ್ ಮೆಮರಿಯಿಂದ ಒಂದು ಸಲಕ್ಕೆ ಸಾಮಾನ್ಯವಾಗಿ 64 ಬೈಟ್ ತರುತ್ತದೆ. ಅದರಲ್ಲಿ ಎರಡು ಹುಬ್ಬಳ್ಳಿ ಹಿಡಿಸುತ್ತವೆ, ಮೂರನೆಯದು ಹಿಡಿಸುವುದಿಲ್ಲ.

ಪ್ರೊಸೆಸರ್ ವೇಗ 3–4 ಗಿಗಾಹರ್ಟ್ಸ್ ಹತ್ತಿರವೇ ಏಕೆ ನಿಂತಿದೆ?

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದು. ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಮುಂದಿನ ಅರ್ಧ ಉತ್ತರಗಳು ಇದರ ಮೇಲೆ ನಿಂತಿವೆ.

1976ರ ಇಂಟೆಲ್ 8085 ಪ್ರೊಸೆಸರ್ ಸುಮಾರು 3 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು, ಅಂದರೆ ಅದರ ಗಡಿಯಾರ ಸೆಕೆಂಡಿಗೆ ಮೂವತ್ತು ಲಕ್ಷ ಸಲ ಮಿಡಿಯುತ್ತಿತ್ತು. 2002ರ ಕೊನೆಗೆ ಪೆಂಟಿಯಂ 4 ಪ್ರೊಸೆಸರ್ 3 ಗಿಗಾಹರ್ಟ್ಸ್ ದಾಟಿತು. ಇಪ್ಪತ್ತಾರು ವರ್ಷಗಳಲ್ಲಿ ಸಾವಿರ ಪಟ್ಟು. ಆಮೇಲಿನ ಇಪ್ಪತ್ತು ವರ್ಷಗಳಲ್ಲಿ ಆದದ್ದು ಎರಡು ಪಟ್ಟು. ಅದೂ ಕೆಲವು ದುಬಾರಿ ಚಿಪ್‌ಗಳಲ್ಲಿ, ಸ್ವಲ್ಪ ಹೊತ್ತಿಗೆ ಮಾತ್ರ.

ಇದಕ್ಕೆ ಕಾರಣವನ್ನು ಕೇಳಿದರೆ ಬಹಳ ಜನ "ಮೂರ್ ನಿಯಮ ಸತ್ತುಹೋಯಿತು" ಎನ್ನುತ್ತಾರೆ. ಅದು ಸರಿಯಲ್ಲ. ಗಾರ್ಡನ್ ಮೂರ್ 1965ರಲ್ಲಿ ಹೇಳಿದ್ದು, 1975ರಲ್ಲಿ ತಿದ್ದಿದ್ದು, ಚಿಪ್‌ನ ಮೇಲಿನ ಟ್ರಾನ್ಸಿಸ್ಟರ್‌ಗಳ ಸಂಖ್ಯೆಯ ಬಗ್ಗೆ. ಆ ಸಂಖ್ಯೆ 2005ರ ನಂತರವೂ ಏರುತ್ತಲೇ ಹೋಯಿತು. ನಿಂತದ್ದು ಇನ್ನೊಂದು ನಿಯಮ. ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ತೋರಿಸಿಕೊಟ್ಟದ್ದು ಅದು. ಟ್ರಾನ್ಸಿಸ್ಟರ್ ಕಿರಿದಾದಂತೆ ಅದಕ್ಕೆ ಕೊಡುವ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸಬಹುದು. ಹಾಗೆ ಮಾಡಿದರೆ ಅದೇ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರ್ ಹಾಕಿ, ಹೆಚ್ಚು ವೇಗದಲ್ಲಿ ಓಡಿಸಿದರೂ ಬಿಸಿ ಹೆಚ್ಚುವುದಿಲ್ಲ. ಚಿಪ್ ತಿನ್ನುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೂ ಗಡಿಯಾರದ ವೇಗಕ್ಕೂ ಅನುಪಾತದಲ್ಲಿರುತ್ತದೆ. ವೋಲ್ಟೇಜ್ ಅರ್ಧವಾದರೆ ವಿದ್ಯುತ್ತು ಕಾಲು ಭಾಗಕ್ಕಿಳಿಯುತ್ತದೆ. ಉದ್ಯಮ ಮೂವತ್ತು ವರ್ಷ ಈ ವರ್ಗದ ಲಾಭವನ್ನು ಅನುಭವಿಸಿತು.

8085ರ ಹೆಸರಿನ ಕೊನೆಯ 5 ಇದೆಯಲ್ಲ, ಅದು ಒಂದೇ 5 ವೋಲ್ಟ್ ಪೂರೈಕೆಯಲ್ಲಿ ಕೆಲಸ ಮಾಡುತ್ತದೆ ಎಂಬುದರ ಗುರುತು. ಆ 5 ವೋಲ್ಟ್ ಇಳಿಯುತ್ತ ಇಳಿಯುತ್ತ 2005ರ ಹೊತ್ತಿಗೆ ಒಂದು ವೋಲ್ಟಿನ ಆಸುಪಾಸಿಗೆ ಬಂತು, ಅಲ್ಲಿಯೇ ನಿಂತಿತು. ಇನ್ನೂ ಇಳಿಸಿದರೆ ಟ್ರಾನ್ಸಿಸ್ಟರ್ ಪೂರ್ತಿ ಆರುವುದಿಲ್ಲ. ಆರಿದ ಸ್ಥಿತಿಯಲ್ಲೂ ವಿದ್ಯುತ್ತು ಸೋರುತ್ತದೆ, ಕೋಟಿಗಟ್ಟಲೆ ಟ್ರಾನ್ಸಿಸ್ಟರ್‌ಗಳ ಸೋರಿಕೆ ಕೂಡಿದರೆ ಅದೇ ದೊಡ್ಡ ಬಿಸಿ. ವೋಲ್ಟೇಜ್ ಇಳಿಯದೆ ವೇಗ ಮಾತ್ರ ಏರಿಸಿದರೆ ಚಿಪ್ಪನ್ನು ತಂಪಾಗಿಡಲಾಗದು. 2004ರಲ್ಲಿ ಇಂಟೆಲ್ ಕಂಪನಿ ಪೆಂಟಿಯಂ 4ರ ಮುಂದಿನ ವಿನ್ಯಾಸವನ್ನು ಕೈಬಿಟ್ಟು ಒಂದೇ ಚಿಪ್‌ನಲ್ಲಿ ಎರಡು ಕೋರ್, ಅಂದರೆ ಎರಡು ಪ್ರೊಸೆಸರ್ ಘಟಕ, ಇಡುವ ಕಡೆ ತಿರುಗಿದ್ದು ಇದೇ ಕಾರಣಕ್ಕೆ.

ಇನ್ನೊಂದು ಮಿತಿಯೂ ಇದೆ. 3 ಗಿಗಾಹರ್ಟ್ಸ್‌ನ ಒಂದು ಆವರ್ತದಲ್ಲಿ (ಗಡಿಯಾರದ ಒಂದು ಮಿಡಿತದಲ್ಲಿ) ಬೆಳಕೇ ಹೋಗುವುದು ಹತ್ತು ಸೆಂಟಿಮೀಟರ್. ತಂತಿಯಲ್ಲಿ ಸಂಕೇತ ಅದಕ್ಕಿಂತ ನಿಧಾನ. ಮೆಮರಿ ಚಿಪ್ ಮದರ್‌ಬೋರ್ಡ್‌ನ ಆ ತುದಿಯಲ್ಲಿ ಕುಳಿತಿರುತ್ತದೆ.

ಹಾಗಾದರೆ ಕೋರ್‌ಗಳನ್ನು ಹೆಚ್ಚಿಸುತ್ತ ಹೋದರೆ ಸಾಕಲ್ಲವೇ?

ಸಾಲದು. ಜೀನ್ ಆಮ್ಡಾಲ್ 1967ರಲ್ಲೇ ಲೆಕ್ಕ ಹೇಳಿಟ್ಟಿದ್ದಾರೆ. ನಿಮ್ಮ ಪ್ರೋಗ್ರಾಮಿನ ಶೇ 20ರಷ್ಟು ಕೆಲಸ ಒಂದರ ನಂತರ ಒಂದರಂತೆಯೇ ಆಗಬೇಕಾದದ್ದಾದರೆ, ಸಾವಿರ ಕೋರ್ ಇದ್ದರೂ ಅದು ಐದು ಪಟ್ಟಿಗಿಂತ ವೇಗವಾಗುವುದಿಲ್ಲ. ಕೋರ್‌ಗಳನ್ನು ಎಣಿಸಿ ಮೊಬೈಲ್ ಕೊಳ್ಳುವವರು ಇದನ್ನೊಮ್ಮೆ ಕಾಗದದ ಮೇಲೆ ಮಾಡಿ ನೋಡಬೇಕು.

ಪೈಪ್‌ಲೈನ್ ಪ್ರಶ್ನೆಗೆ ಪೂರ್ತಿ ಅಂಕ ಬಂದಿದೆ, ಆದರೆ ಏನೂ ಅರ್ಥವಾಗಿಲ್ಲ. ಏನು ಮಾಡಲಿ?

ಮೊದಲಿಗೆ, ಇದನ್ನು ಒಪ್ಪಿಕೊಂಡ ನಿಮ್ಮ ಬಗ್ಗೆ ನನಗೆ ಗೌರವವಿದೆ. ಐದು ಚೌಕ ಬರೆದು, ಅವುಗಳಲ್ಲಿ ಐದು ಹೆಸರು ತುಂಬಿ, ಬಾಣ ಎಳೆದರೆ ಅಂಕ ಬರುತ್ತದೆ. ಅದು ನಿಮ್ಮ ದೋಷವಲ್ಲ.

ಹುಬ್ಬಳ್ಳಿಯ ಯಾವುದಾದರೂ ದೊಡ್ಡ ಖಾನಾವಳಿಯ ಅಡುಗೆಮನೆಯನ್ನು ನೆನೆದುಕೊಳ್ಳಿ. ಒಬ್ಬರು ಜೋಳದ ಹಿಟ್ಟು ನಾದುತ್ತಾರೆ, ಒಬ್ಬರು ರೊಟ್ಟಿ ತಟ್ಟುತ್ತಾರೆ, ಒಬ್ಬರು ಹಂಚಿನ ಮೇಲೆ ಬೇಯಿಸುತ್ತಾರೆ. ಒಂದು ರೊಟ್ಟಿ ಸಿದ್ಧವಾಗುವ ಹೊತ್ತು ಇದರಿಂದ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಆದರೆ ರೊಟ್ಟಿಗಳು ಒಂದರ ಹಿಂದೊಂದು ಬೇಗ ಹೊರಬರುತ್ತವೆ. ಪೈಪ್‌ಲೈನ್ ಎಂದರೆ ಇಷ್ಟೇ. ಪ್ರೊಸೆಸರ್‌ನಲ್ಲಿ ತೊಡಕು ಬರುವುದು ಎಲ್ಲಿ? ಮುಂದಿನ ಸೂಚನೆಗೆ ಹಿಂದಿನದರ ಉತ್ತರ ಬೇಕು, ಆ ಉತ್ತರ ಇನ್ನೂ ಬಂದಿಲ್ಲ ಎಂದಾಗ. ಅಥವಾ "ಹೀಗಿದ್ದರೆ ಆ ಕಡೆ ಹೋಗು" ಎಂಬ ಸೂಚನೆ ಬಂದು, ಯಾವ ಕಡೆ ಹೋಗಬೇಕೆಂದು ಇನ್ನೂ ತಿಳಿಯದಿದ್ದಾಗ. ಈಗಿನ ಪ್ರೊಸೆಸರ್‌ಗಳು ಕಾಯುವುದಿಲ್ಲ, ಊಹಿಸಿ ಮುಂದೆ ಓಡುತ್ತವೆ. ಊಹೆ ತಪ್ಪಿದರೆ ಮಾಡಿದ್ದನ್ನೆಲ್ಲ ಚೆಲ್ಲಿ ಮತ್ತೆ ಹೊರಡುತ್ತವೆ. ಚೆಲ್ಲಿದ ಕೆಲಸದ ಸುಳಿವು ಕ್ಯಾಶ್‌ನಲ್ಲಿ, ಅಂದರೆ ಪ್ರೊಸೆಸರ್ ಒಳಗಿನ ಪುಟ್ಟ ವೇಗದ ಮೆಮರಿಯಲ್ಲಿ, ಉಳಿದುಬಿಡುತ್ತದೆ, ಅದನ್ನು ಹಿಡಿದು ಗುಟ್ಟಿನ ಮಾಹಿತಿ ಕದಿಯಬಹುದು ಎಂದು 2018ರ ಜನವರಿಯಲ್ಲಿ ಹೊರಬಂದ ಸ್ಪೆಕ್ಟರ್ ಮತ್ತು ಮೆಲ್ಟ್‌ಡೌನ್ ದೋಷಗಳು ತೋರಿಸಿದವು. ವೇಗಕ್ಕಾಗಿ ಮಾಡಿದ ಜಾಣತನವೇ ಭದ್ರತೆಗೆ ಕನ್ನ ಹಾಕಿತು. ಪಾಠದಲ್ಲಿ ಇದಕ್ಕಿಂತ ಸ್ವಾರಸ್ಯದ ಕಥೆ ನನಗೆ ಕಂಡಿಲ್ಲ. ಆದರೆ ಪರೀಕ್ಷೆಗೆ ಬರುವುದು ಆ ಐದು ಚೌಕಗಳೇ.

ಅರ್ಥವಾಗಬೇಕೆಂದರೆ ರೈಪ್ಸ್ ಎಂಬ ಉಚಿತ ಸಿಮ್ಯುಲೇಟರ್ ಇಳಿಸಿಕೊಳ್ಳಿ. ಹತ್ತು ಸಾಲಿನ ಪ್ರೋಗ್ರಾಂ ಕೊಟ್ಟು ಒಂದೊಂದೇ ಆವರ್ತ ಮುಂದೊತ್ತಿದರೆ ಯಾವ ಸೂಚನೆ ಯಾವ ಹಂತದಲ್ಲಿದೆ, ಎಲ್ಲಿ ತಡೆದು ನಿಂತಿತು ಎಂಬುದು ಕಣ್ಣೆದುರೇ ಕಾಣುತ್ತದೆ. ಒಂದು ಸಂಜೆ ಸಾಕು.

ಪ್ರಯೋಗಾಲಯದಲ್ಲಿ ಇನ್ನೂ 8085 ಕಿಟ್ ಇದೆ. ಇದು ವ್ಯರ್ಥವಲ್ಲವೇ?

ಕಿಟ್ ವ್ಯರ್ಥವಲ್ಲ, ಅದನ್ನು ಬಳಸುವ ರೀತಿ ವ್ಯರ್ಥ. ಸುಮಾರು 6,500 ಟ್ರಾನ್ಸಿಸ್ಟರ್‌ಗಳ, 64 ಕಿಲೋಬೈಟ್ ಮೆಮರಿಯ, ಒಬ್ಬ ಮನುಷ್ಯ ಪೂರ್ತಿ ತಲೆಯಲ್ಲಿ ಹಿಡಿದಿಟ್ಟುಕೊಳ್ಳಬಹುದಾದ ಯಂತ್ರ ಅದು. ಒಂದೊಂದು ಸೂಚನೆಗೆ ಎಷ್ಟು ಆವರ್ತ ಬೇಕೆಂದು ಮೊದಲೇ ನಿಖರವಾಗಿ ಹೇಳಬಹುದು. ಇಂದಿನ ಯಾವ ಲ್ಯಾಪ್‌ಟಾಪಿನಲ್ಲೂ ಅದು ಸಾಧ್ಯವಿಲ್ಲ. ಆಸಿಲೋಸ್ಕೋಪ್ ಹಚ್ಚಿ ವಿಳಾಸದ ತಂತಿಗಳನ್ನು ನೋಡಿದರೆ ಪ್ರೋಗ್ರಾಂ ಎಂಬುದು ವಿದ್ಯುತ್ತಿನ ಏರಿಳಿತ ಎಂದು ಮನವರಿಕೆಯಾಗುತ್ತದೆ.

ಆದರೆ ನಡೆಯುವುದೇನು? ಕೀಲಿಮಣೆಯಲ್ಲಿ ಹದಿನಾರರ ಪದ್ಧತಿಯ ಸಂಖ್ಯೆಗಳನ್ನು ಒತ್ತುವುದು, ಎರಡು ಸಂಖ್ಯೆ ಕೂಡಿಸುವುದು, ಉತ್ತರವನ್ನು ಜರ್ನಲ್‌ನಲ್ಲಿ ಬರೆಯುವುದು, ಜರ್ನಲ್‌ಗೆ ಸಹಿ ಹಾಕಿಸುವುದು. ಹೋದ ವರ್ಷದ ಜರ್ನಲ್ ಸಿಕ್ಕರೆ ಕಿಟ್‌ಗೆ ವಿದ್ಯುತ್ತು ಕೊಡುವ ಅಗತ್ಯವೂ ಇಲ್ಲ. ಮತ್ತೊಂದು ತೊಂದರೆ, 8085ರಲ್ಲಿ ಕ್ಯಾಶ್ ಇಲ್ಲ, ಪೈಪ್‌ಲೈನ್ ಇಲ್ಲ, ಊಹೆ ಇಲ್ಲ. ಅದರಲ್ಲಿ ಮೆಮರಿ ಓದುವುದು ಕೂಡಿಸುವುದಕ್ಕಿಂತ ಅಷ್ಟೇನೂ ದುಬಾರಿಯಲ್ಲ. ಅಲ್ಲಿಗೇ ಪಾಠ ನಿಲ್ಲಿಸಿದರೆ ಇಂದಿನ ಯಂತ್ರದ ಮುಖ್ಯ ಸಂಗತಿಯೇ ವಿದ್ಯಾರ್ಥಿಗೆ ತಿಳಿಯದು. ಇಂದು ಲೆಕ್ಕ ಮಾಡುವುದು ಅಗ್ಗ, ಲೆಕ್ಕಕ್ಕೆ ಬೇಕಾದ ಅಂಕಿಗಳನ್ನು ಸಾಗಿಸುವುದು ದುಬಾರಿ. 45 ನ್ಯಾನೋಮೀಟರ್ ಎಂಬ ಚಿಪ್ ತಯಾರಿಕೆಯ ತಲೆಮಾರಿನ ಕಾಲಕ್ಕೆ ಮಾಡಿದ ಅಂದಾಜಿನಂತೆ, 32 ಬಿಟ್‌ನ ಎರಡು ಪೂರ್ಣಾಂಕಗಳನ್ನು ಕೂಡಿಸಲು ಬೇಕಾದ ಶಕ್ತಿ ಸುಮಾರು 0.1 ಪಿಕೋಜೂಲ್. ಅಷ್ಟೇ ಗಾತ್ರದ ಅಂಕಿಯನ್ನು ಹೊರಗಿನ ಮೆಮರಿಯಿಂದ ತರಲು ಸುಮಾರು 640. ಈ ಆರು ಸಾವಿರ ಪಟ್ಟನ್ನು ನೆನಪಿಟ್ಟುಕೊಂಡರೆ ಕ್ಯಾಶ್ ಏಕೆ ಇದೆ, ಜಿಪಿಯು (ಗ್ರಾಫಿಕ್ಸ್ ಪ್ರೊಸೆಸರ್) ಏಕೆ ಹಾಗಿದೆ, ಎಐ ಚಿಪ್‌ಗಳ ಬೆಲೆ ಏಕೆ ಹಾಗಿದೆ ಎಂಬುದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಮನೆಯಲ್ಲಿಯೇ ಮಾಡಬಹುದಾದ ಪ್ರಯೋಗ ಹೇಳಿ. ದುಡ್ಡು ಖರ್ಚಾಗಬಾರದು.

ಸಿ ಭಾಷೆಯಲ್ಲಿ 4096 ಸಾಲು, 4096 ಕಂಬಗಳ ಒಂದು ಪೂರ್ಣಾಂಕ ಕೋಷ್ಟಕ ಮಾಡಿ. ಗಾತ್ರ 64 ಮೆಗಾಬೈಟ್ ಆಗುತ್ತದೆ. ಎಲ್ಲ ಅಂಕಿಗಳನ್ನು ಕೂಡಿಸಿ, ಒಮ್ಮೆ ಸಾಲು ಸಾಲಾಗಿ, ಇನ್ನೊಮ್ಮೆ ಕಂಬ ಕಂಬವಾಗಿ. ಉತ್ತರ ಒಂದೇ, ಕೂಡಿಸುವ ಸಂಖ್ಯೆಗಳೂ ಒಂದೇ. ಎರಡನೆಯದು ಹಲವು ಪಟ್ಟು ತಡವಾಗುತ್ತದೆ. ಸಾಲಾಗಿ ಹೋದಾಗ ಒಂದು ಸಲ ತಂದ 64 ಬೈಟ್‌ನಲ್ಲಿ ಹದಿನಾರು ಅಂಕಿ ಬಳಕೆಯಾಗುತ್ತವೆ. ಕಂಬವಾಗಿ ಹೋದಾಗ ಒಂದನ್ನು ಬಳಸಿ ಮುಂದಿನ ಸಾಲಿಗೆ ಹಾರುತ್ತೀರಿ, ಮಿಕ್ಕ ಹದಿನೈದು ಬಳಕೆಗೆ ಬರುವ ಮುನ್ನವೇ ಕ್ಯಾಶ್‌ನಿಂದ ಹೊರಬೀಳುತ್ತವೆ.

ಎರಡು ಎಚ್ಚರಿಕೆ. ಮೊತ್ತವನ್ನು ಪರದೆಯ ಮೇಲೆ ಮುದ್ರಿಸಲೇಬೇಕು, ಇಲ್ಲದಿದ್ದರೆ ಉತ್ತರ ಯಾರಿಗೂ ಬೇಡವೆಂದು ಕಂಪೈಲರ್ ಇಡೀ ಲೆಕ್ಕವನ್ನೇ ಅಳಿಸಿಹಾಕಬಹುದು. ಕಂಪೈಲರ್‌ಗೆ ಕೊಡುವ ಆಪ್ಟಿಮೈಸೇಷನ್ ಮಟ್ಟ ಒಂದಕ್ಕಿಂತ ಮೇಲೆ ಬೇಡ, ಮೂರಕ್ಕೆ ಹೋದರೆ ಅದು ನಿಮ್ಮ ಲೂಪ್‌ಗಳನ್ನೇ ಅದಲುಬದಲು ಮಾಡಿ ಪ್ರಯೋಗ ಕೆಡಿಸಬಹುದು. ಲಿನಕ್ಸ್ ಇದ್ದರೆ ಪರ್ಫ್ ಎಂಬ ಉಪಕರಣದಿಂದ ಕ್ಯಾಶ್ ಎಷ್ಟು ಸಲ ತಪ್ಪಿತು ಎಂಬ ಎಣಿಕೆಯನ್ನೂ ಪಡೆಯಬಹುದು. ವರ್ಚುವಲ್ ಮಷಿನ್ ಒಳಗೆ ಈ ಎಣಿಕೆ ಎಷ್ಟೋ ಸಲ ಸಿಗುವುದಿಲ್ಲ, ನೇರ ಲಿನಕ್ಸ್ ಬೇಕು.

ಮುಂದಿನ ಹೆಜ್ಜೆಯಾಗಿ 4096ರ ಬದಲು 4100 ಹಾಕಿ ನೋಡಿ. ವ್ಯತ್ಯಾಸ ಕಂಡರೆ, ಏಕೆಂದು ನಾನು ಹೇಳುವುದಿಲ್ಲ. ಕ್ಯಾಶ್‌ನಲ್ಲಿ ಒಂದು ವಿಳಾಸಕ್ಕೆ ಯಾವ ಜಾಗ ಎಂಬುದನ್ನು ಹೇಗೆ ತೀರ್ಮಾನಿಸುತ್ತಾರೆ ಎಂಬ ಅಧ್ಯಾಯ ತೆಗೆದು ಓದಿ.

ನಾನು ಉಪನ್ಯಾಸಕಿ. ಇದನ್ನೆಲ್ಲ ಪಠ್ಯಕ್ರಮದ ನಡುವೆ ಎಲ್ಲಿ ತುರುಕಲಿ?

ಮೇಡಂ, ಹೊಸದಾಗಿ ಏನನ್ನೂ ಸೇರಿಸಬೇಡಿ, ಬಾಯಿಪಾಠದ ಒಂದು ಪ್ರಯೋಗವನ್ನು ತೆಗೆದು ಅಲ್ಲಿ ಅಳತೆಯ ಪ್ರಯೋಗ ಇಡಿ. ಜರ್ನಲ್‌ನಲ್ಲಿ ಉತ್ತರದ ಜೊತೆಗೆ "ನಾನು ಏನೆಂದು ಊಹಿಸಿದ್ದೆ, ಏನು ಬಂತು, ಏಕೆ" ಎಂದು ಮೂರು ಸಾಲು ಬರೆಸಿ. ಆ ಮೂರು ಸಾಲು ನಕಲು ಮಾಡಲು ಬರುವುದಿಲ್ಲ, ಏಕೆಂದರೆ ಪ್ರತಿ ಲ್ಯಾಪ್‌ಟಾಪಿನಲ್ಲೂ ಅಂಕಿ ಬೇರೆ. ವೈವಾದಲ್ಲಿ ಅದರ ಮೇಲೆಯೇ ಕೇಳಿ. ಬಾಹ್ಯ ಪರೀಕ್ಷಕರು ಮುಖ ಸಿಂಡರಿಸಬಹುದು, ಸಿಂಡರಿಸಲಿ.

ರಿಸ್ಕ್-ಫೈವ್ ಎಂದು ಎಲ್ಲೆಡೆ ಕೇಳುತ್ತೇವೆ. ನಿಜಕ್ಕೂ ಉಚಿತವೇ? ಭಾರತದ ಪ್ರೊಸೆಸರ್ ಎಂದರೆ ಅದೇನಾ?

ಎರಡು ಬೇರೆ ಸಂಗತಿಗಳು ಇಲ್ಲಿ ಗೋಜಲಾಗಿವೆ. ರಿಸ್ಕ್-ಫೈವ್ ಎಂಬುದು ಪ್ರೊಸೆಸರ್ ಅಲ್ಲ, ಸೂಚನಾ ಸಮೂಹ. ಅಂದರೆ ಸಾಫ್ಟ್‌ವೇರ್ ಮತ್ತು ಹಾರ್ಡ್‌ವೇರ್ ನಡುವಿನ ಕರಾರು ಪತ್ರ. 2010ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. ಅದನ್ನು ನೋಡಿಕೊಳ್ಳುವ ಸಂಸ್ಥೆ 2020ರಲ್ಲಿ ಸ್ವಿಟ್ಜರ್ಲೆಂಡ್‌ಗೆ ನೆಲೆ ಬದಲಿಸಿತು. ಈ ಕರಾರಿನಂತೆ ಪ್ರೊಸೆಸರ್ ಮಾಡಲು ಯಾರಿಗೂ ಶುಲ್ಕ ಕೊಡಬೇಕಿಲ್ಲ. ಆದರೆ ಒಬ್ಬರು ಮಾಡಿದ ವಿನ್ಯಾಸ ಅವರ ಸ್ವತ್ತು. ಅದನ್ನು ಮುಚ್ಚಿಡಬಹುದು, ಮಾರಬಹುದು.

ವಿದ್ಯಾರ್ಥಿಗೆ ಇದರ ದೊಡ್ಡ ಲಾಭ ಸರಳತೆ. 32 ಬಿಟ್‌ನ ಮೂಲ ಪೂರ್ಣಾಂಕ ಸಮೂಹದಲ್ಲಿ ಇರುವುದು 40 ಸೂಚನೆ. ಇಂಟೆಲ್ ಪ್ರೊಸೆಸರ್‌ಗಳ ಎಕ್ಸ್86 ಸಮೂಹದಲ್ಲಿ ಸಾವಿರಕ್ಕೂ ಹೆಚ್ಚು. ನಲವತ್ತನ್ನು ಒಂದು ಸೆಮಿಸ್ಟರ್‌ನಲ್ಲಿ ಹಾರ್ಡ್‌ವೇರ್ ವರ್ಣಿಸುವ ವೆರಿಲಾಗ್ ಭಾಷೆಯಲ್ಲಿ ಬರೆದು, ಓಡಿಸಿ, ಸಿ ಪ್ರೋಗ್ರಾಂ ಹಾಕಿ ಪರೀಕ್ಷಿಸಬಹುದು. ಅದಕ್ಕೆ ಬೇಕಾದ ಐಕರಸ್ ವೆರಿಲಾಗ್, ವೆರಿಲೇಟರ್, ಜಿಟಿಕೆವೇವ್ ಉಪಕರಣಗಳೆಲ್ಲ ಉಚಿತ. ಸರಳತೆಯ ಈ ದಾರಿ ಹಿಡಿದ ಜಾನ್ ಹೆನ್ನೆಸ್ಸಿ ಮತ್ತು ಡೇವಿಡ್ ಪ್ಯಾಟರ್ಸನ್‌ಗೆ 2017ರ ಟ್ಯೂರಿಂಗ್ ಪ್ರಶಸ್ತಿ ಬಂತು. ಸೂಚನೆಗಳು ಕಡಿಮೆ ಮತ್ತು ಸರಳವಾಗಿದ್ದರೆ ಯಂತ್ರ ವೇಗವಾಗುತ್ತದೆ ಎಂದು ಎಂಬತ್ತರ ದಶಕದಲ್ಲಿ ಅವರು ವಾದಿಸಿದಾಗ ಉದ್ಯಮ ಸುಲಭಕ್ಕೆ ಒಪ್ಪಿರಲಿಲ್ಲ.

ನಮ್ಮ ದೇಶದ ವಿಷಯ: ಐಐಟಿ ಮದ್ರಾಸಿನ 'ಶಕ್ತಿ' ಮತ್ತು ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನ 'ವೇಗ' ಪ್ರೊಸೆಸರ್‌ಗಳು ಎರಡೂ ರಿಸ್ಕ್-ಫೈವ್ ಕುಟುಂಬದವು. ಶಕ್ತಿಯ ಒಂದು ಚಿಪ್ 2018ರಲ್ಲಿ ಇಂಟೆಲ್‌ನ ಅಮೆರಿಕದ ಕಾರ್ಖಾನೆಯಲ್ಲಿ 22 ನ್ಯಾನೋಮೀಟರ್‌ನಲ್ಲಿ ತಯಾರಾಯಿತು, ಇನ್ನೊಂದು ಪಂಜಾಬಿನ ಮೊಹಾಲಿಯ ಸೆಮಿಕಂಡಕ್ಟರ್ ಲ್ಯಾಬೊರೇಟರಿಯಲ್ಲಿ 180 ನ್ಯಾನೋಮೀಟರ್‌ನಲ್ಲಿ. ಇಸ್ರೋ ಬಾಹ್ಯಾಕಾಶ ವಾಹನಗಳಿಗೆ ಮಾಡಿಸಿದ ವಿಕ್ರಮ್ 3201 ಪ್ರೊಸೆಸರ್ ಸಹ ಅದೇ ಮೊಹಾಲಿಯದು, ಆದರೆ ಅದು ರಿಸ್ಕ್-ಫೈವ್ ಅಲ್ಲ. 180 ನ್ಯಾನೋಮೀಟರ್ ಹಳೆಯದೆಂದು ನಗುವವರಿದ್ದಾರೆ. ರಾಕೆಟ್‌ಗೆ ಬೇಕಾದದ್ದು ವಿಕಿರಣ, ಬಿಸಿ, ಅದುರುವಿಕೆ ತಡೆದುಕೊಂಡು ಕೆಟ್ಟುಹೋಗದ ಚಿಪ್. ಮೊಬೈಲ್ ಆಟ ಆಡಲು ಅಲ್ಲ.

3 ನ್ಯಾನೋಮೀಟರ್ ಚಿಪ್ ಎಂದರೆ ಏನು ಮೂರು?

ಏನೂ ಅಲ್ಲ. ಅದು ವ್ಯಾಪಾರದ ಹೆಸರು. ಅಂಥ ಚಿಪ್‌ನಲ್ಲೂ ಒಂದು ಟ್ರಾನ್ಸಿಸ್ಟರ್‌ನ ಗೇಟ್‌ನಿಂದ (ವಿದ್ಯುತ್ತನ್ನು ಬಿಡುವ, ತಡೆಯುವ ಭಾಗದಿಂದ) ಪಕ್ಕದ ಗೇಟ್‌ಗೆ 40 ನ್ಯಾನೋಮೀಟರ್‌ಗಿಂತ ಹೆಚ್ಚು ಅಂತರವಿರುತ್ತದೆ. ಹಿಂದೊಮ್ಮೆ ಈ ಸಂಖ್ಯೆ ನಿಜವಾದ ಅಳತೆಯಾಗಿತ್ತು, ಈಗ ತಲೆಮಾರಿನ ಗುರುತು ಮಾತ್ರ.

ಬೋರ್ಡ್ ಕೊಳ್ಳಬೇಕೆಂದರೆ ಯಾವುದು?

ಸಿಮ್ಯುಲೇಟರ್‌ನಲ್ಲಿ ಕೈ ಪಳಗಿದ ಮೇಲೆ ಮಾತ್ರ. ಇಎಸ್‌ಪಿ32-ಸಿ3 ಎಂಬ ಪುಟ್ಟ ಬೋರ್ಡ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ, ಅದರಲ್ಲಿರುವುದು 160 ಮೆಗಾಹರ್ಟ್ಸ್‌ನ ರಿಸ್ಕ್-ಫೈವ್ ಕೋರ್. 2024ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪಿಕೊ 2 ಇನ್ನೂ ಮಜವಾಗಿದೆ. ಅದರೊಳಗೆ ಎರಡು ಆರ್ಮ್ ಕೋರ್, ಎರಡು ರಿಸ್ಕ್-ಫೈವ್ ಕೋರ್ ಇವೆ. ಯಾವ ಜೋಡಿ ಬೇಕೋ ಆರಿಸಿಕೊಂಡು ಒಂದೇ ಪ್ರೋಗ್ರಾಮನ್ನು ಎರಡು ಬಗೆಯ ಸೂಚನೆಗಳಲ್ಲಿ ಓಡಿಸಿ ಹೋಲಿಸಬಹುದು. ನಿಮ್ಮದೇ ಪ್ರೊಸೆಸರ್ ಬರೆಯುವ ಆಸೆಯಿದ್ದರೆ ಎಫ್‌ಪಿಜಿಎ ಬೋರ್ಡ್, ಅಂದರೆ ಒಳಗಿನ ಸರ್ಕ್ಯೂಟನ್ನು ನಾವೇ ಬರೆದು ಬದಲಿಸಬಹುದಾದ ಚಿಪ್‌ನ ಬೋರ್ಡ್, ಬೇಕು. ನಾಲ್ಕು ಜನ ಸೇರಿ ಒಂದು ಕೊಂಡರೆ ಸಾಕು, ದಿನದ ಬಹು ಹೊತ್ತು ಅದು ಖಾಲಿಯೇ ಬಿದ್ದಿರುತ್ತದೆ.

ಎಐ ಬಂದ ಮೇಲೆ ಸಾಮಾನ್ಯ ಪ್ರೊಸೆಸರ್ ಮೂಲೆಗುಂಪಾಗುತ್ತದೆಯೇ?

ಇಲ್ಲ. ಆದರೆ ಅದು ಯಜಮಾನಿಕೆ ಕಳೆದುಕೊಂಡಿದೆ. ಏಕೆಂದು ಒಂದು ಲೆಕ್ಕದಿಂದ ತಿಳಿಯಬಹುದು.

700 ಕೋಟಿ ನಿಯತಾಂಕಗಳ (ಕಲಿತದ್ದನ್ನು ಹಿಡಿದಿಡುವ ಅಂಕಿಗಳ) ಒಂದು ಭಾಷಾ ಮಾದರಿಯನ್ನು ನಿಮ್ಮ ಲ್ಯಾಪ್‌ಟಾಪಿನಲ್ಲಿ ಓಡಿಸುತ್ತೀರಿ ಎಂದುಕೊಳ್ಳಿ. ಒಂದಕ್ಕೆ ಎರಡು ಬೈಟ್‌ನಂತೆ 14 ಗಿಗಾಬೈಟ್. ಪ್ರತಿ ಪದದ ತುಣುಕನ್ನು ಹುಟ್ಟಿಸಲು ಈ 14 ಗಿಗಾಬೈಟನ್ನೂ ಒಮ್ಮೆ ಮೆಮರಿಯಿಂದ ಓದಬೇಕು. ಎರಡು ಚಾನೆಲ್‌ನ (ಪ್ರೊಸೆಸರ್‌ಗೆ ಎರಡು ದಾರಿಗಳಿರುವ) ಡಿಡಿಆರ್4-3200 ಮೆಮರಿ ಸೆಕೆಂಡಿಗೆ ಹೆಚ್ಚೆಂದರೆ 51.2 ಗಿಗಾಬೈಟ್ ಕೊಡುತ್ತದೆ. ಭಾಗಿಸಿ: ಸೆಕೆಂಡಿಗೆ ಮೂರೂವರೆ ತುಣುಕು. ಪ್ರೊಸೆಸರ್ ಎಷ್ಟೇ ಬಲಶಾಲಿಯಾದರೂ ಇದಕ್ಕಿಂತ ಮುಂದೆ ಹೋಗದು, ಏಕೆಂದರೆ ಅದು ಹೆಚ್ಚಿನ ಹೊತ್ತು ಕಾಯುತ್ತಲೇ ಇರುತ್ತದೆ. ಅದೇ ಮಾದರಿಯನ್ನು ನಾಲ್ಕು ಬಿಟ್‌ಗೆ ಕುಗ್ಗಿಸಿದರೆ 3.5 ಗಿಗಾಬೈಟ್ ಆಗುತ್ತದೆ, ವೇಗ ಸೆಕೆಂಡಿಗೆ ಹದಿನಾಲ್ಕರ ಹತ್ತಿರ ಬರುತ್ತದೆ. ಲೆಕ್ಕ ಕಡಿಮೆಯಾದದ್ದರಿಂದ ಬಂದ ವೇಗವಲ್ಲ ಇದು, ಸಾಗಣೆ ಕಡಿಮೆಯಾದದ್ದರಿಂದ.

ಎಐ ಚಿಪ್‌ಗಳ ವಿನ್ಯಾಸಕಾರರು ಮಾಡುತ್ತಿರುವುದೆಲ್ಲ ಈ ಸಾಗಣೆಯನ್ನು ಇಳಿಸುವ ಕೆಲಸವೇ. ಮೆಮರಿಯ ಪದರಗಳನ್ನು ಒಂದರ ಮೇಲೊಂದು ಪೇರಿಸಿ ಪ್ರೊಸೆಸರ್ ಪಕ್ಕದಲ್ಲೇ ಕೂರಿಸುವುದು ಒಂದು ದಾರಿ. ಒಮ್ಮೆ ತಂದ ಅಂಕಿಯನ್ನು ಹತ್ತಾರು ಸಲ ಬಳಸುವುದು ಇನ್ನೊಂದು. ಗೂಗಲ್ 2015ರಿಂದ ತನ್ನ ದತ್ತಾಂಶ ಕೇಂದ್ರಗಳಲ್ಲಿ ಬಳಸಿದ ಮೊದಲ ಟಿಪಿಯು ಎಂಬ ಎಐ ಚಿಪ್‌ನಲ್ಲಿ 256 ಸಾಲು, 256 ಕಂಬಗಳಲ್ಲಿ 65,536 ಗುಣಾಕಾರ ಘಟಕಗಳಿದ್ದವು. ಅಂಕಿಗಳು ಮೆಮರಿಗೆ ವಾಪಸಾಗದೆ ಒಂದು ಘಟಕದಿಂದ ಪಕ್ಕದ ಘಟಕಕ್ಕೆ ದಾಟುತ್ತ ಹೋಗುತ್ತಿದ್ದವು. ಈ ಜೋಡಣೆಯ ಕಲ್ಪನೆ 1970ರ ದಶಕದ ಕೊನೆಯದು. ನಮ್ಮ ಕ್ಷೇತ್ರದಲ್ಲಿ ಹಳೆಯ ವಿಚಾರಗಳು ಕಸದಬುಟ್ಟಿಗೆ ಹೋಗುವುದಿಲ್ಲ, ಅವುಗಳ ಕಾಲ ಬರುವವರೆಗೆ ಕಾಯುತ್ತವೆ. ಅದಕ್ಕೇ ಹಳೆಯ ಲೇಖನಗಳನ್ನು ಓದಿ ಎಂದು ಕಾಡುತ್ತೇನೆ.

ಮುಂದಿನ ಹತ್ತು ವರ್ಷಗಳಲ್ಲಿ ಒಂದೇ ಬಗೆಯ ಪ್ರೊಸೆಸರ್ ಎಲ್ಲವನ್ನೂ ಮಾಡುವುದರ ಬದಲು ಒಂದೊಂದು ಕೆಲಸಕ್ಕೆ ಒಂದೊಂದು ಘಟಕ, ಅವನ್ನೆಲ್ಲ ಸಣ್ಣ ಸಣ್ಣ ತುಂಡುಗಳಾಗಿ ತಯಾರಿಸಿ ಒಂದೇ ಹೊದಿಕೆಯೊಳಗೆ ಜೋಡಿಸುವುದು, ಈ ಎರಡೂ ಬೆಳೆಯುತ್ತವೆ ಎಂದು ನನ್ನ ಅಂದಾಜು. ದೊಡ್ಡ ಚಿಪ್‌ನಲ್ಲಿ ಒಂದು ಧೂಳಿನ ಕಣ ಬಿದ್ದರೆ ಇಡೀ ಚಿಪ್ ಹಾಳು, ಸಣ್ಣ ತುಂಡಾದರೆ ಒಂದು ತುಂಡು ಮಾತ್ರ ಹಾಳು. ಹೀಗೆ ಮಾಡಿದ ಚಿಪ್‌ಗಳು ಈಗಾಗಲೇ ಮಾರುಕಟ್ಟೆಯಲ್ಲಿವೆ.

ಕ್ವಾಂಟಂ ಕಂಪ್ಯೂಟರ್ ಬಂದರೆ ಇದೆಲ್ಲ ಹಳೆಯದಾಗುವುದಿಲ್ಲವೇ?

ಆಗುವುದಿಲ್ಲ. ಅದು ಕೆಲವು ನಿರ್ದಿಷ್ಟ ಸಮಸ್ಯೆಗಳಿಗೆ ಮಾತ್ರ. ನಿಮ್ಮ ಬ್ಯಾಂಕಿನ ಲೆಕ್ಕ, ಚಿಗರಿ ಬಸ್ಸಿನ ಟಿಕೆಟ್ ಸಿಲಿಕಾನ್ ಮೇಲೆಯೇ ನಡೆಯುತ್ತವೆ. ಕ್ವಾಂಟಂ ಯಂತ್ರವನ್ನು ನಿಯಂತ್ರಿಸಲೂ ಸಾಮಾನ್ಯ ಪ್ರೊಸೆಸರ್ ಬೇಕು.

ಹತ್ತನೆಯವರೆಗೆ ಕನ್ನಡ ಮಾಧ್ಯಮ. ಈ ವಿಷಯ ನನ್ನ ಕೈಗೆ ಹತ್ತುತ್ತದೆಯೇ?

ಹತ್ತುತ್ತದೆ. ಇದು ಭಾಷೆಯ ಮೇಲಿಗಿಂತ ಚಿತ್ರದ ಮೇಲೆ, ಅಂಕಿಯ ಮೇಲೆ ನಿಂತ ವಿಷಯ. ಕ್ಯಾಶ್, ಪೈಪ್‌ಲೈನ್, ರಿಜಿಸ್ಟರ್ ಇಂಥ ಪದಗಳನ್ನು ಹಾಗೆಯೇ ಇಟ್ಟುಕೊಳ್ಳಿ, ಅನುವಾದಿಸಲು ಹೊತ್ತು ಕಳೆಯಬೇಡಿ. ವಿವರಣೆಯನ್ನು ಮಾತ್ರ ಗೆಳೆಯರ ಜೊತೆ ಕನ್ನಡದಲ್ಲಿ ಮಾಡಿ. ಒಂದು ವಿಷಯವನ್ನು ಹಾವೇರಿಯ ನಿಮ್ಮ ತಂಗಿಗೆ ಕನ್ನಡದಲ್ಲಿ ಹೇಳಲು ಬಂದರೆ ನಿಮಗೆ ಅದು ಬಂದಿದೆ. ಪರೀಕ್ಷೆಯ ಇಂಗ್ಲಿಷ್ ಅಭ್ಯಾಸದಿಂದ ಬರುತ್ತದೆ, ಹಳೆಯ ಪ್ರಶ್ನೆಪತ್ರಿಕೆಗಳು ಅದಕ್ಕೆಂದೇ ಇವೆ.

ಎಐ ಉಪಕರಣವೇ ವೆರಿಲಾಗ್ ಬರೆದುಕೊಡುತ್ತದೆ. ಕಲಿಯುವುದೇಕೆ?

ಅದು ಬರೆದದ್ದು ಸರಿಯೇ ಎಂದು ಹೇಳುವವರು ಬೇಕಲ್ಲ. ಚಿಪ್ ವಿನ್ಯಾಸದಲ್ಲಿ ಬರೆಯುವುದಕ್ಕಿಂತ ಪರೀಕ್ಷಿಸುವುದಕ್ಕೇ ಹೆಚ್ಚು ಜನ, ಹೆಚ್ಚು ತಿಂಗಳು ಬೇಕಾಗುತ್ತವೆ. ಆ್ಯಪ್‌ನಲ್ಲಿ ದೋಷವಿದ್ದರೆ ಮರುದಿನ ತಿದ್ದಿ ಕಳಿಸಬಹುದು. ಕಾರ್ಖಾನೆಯಿಂದ ಬಂದ ಸಿಲಿಕಾನ್‌ನಲ್ಲಿ ದೋಷವಿದ್ದರೆ ಕೋಟಿಗಟ್ಟಲೆ ರೂಪಾಯಿ ನೀರುಪಾಲು. ಪರೀಕ್ಷಣೆ ಕಲಿಯಿರಿ ಎಂದು ಹೇಳಿದಾಗಲೆಲ್ಲ ಹುಡುಗರ ಮುಖ ಸಪ್ಪಗಾಗುತ್ತದೆ, ಆದರೆ ಕೆಲಸ ಇರುವುದು ಅಲ್ಲಿಯೇ.

ನಮ್ಮ ಮಗಳು ಚಿಪ್ ಡಿಸೈನ್ ಓದುತ್ತೇನೆ ಎನ್ನುತ್ತಾಳೆ. ಹುಬ್ಬಳ್ಳಿಯಲ್ಲೇ ಕೆಲಸ ಸಿಗುತ್ತದೆಯೇ?

ನೇರವಾಗಿ ಹೇಳಬೇಕೆಂದರೆ ಹೆಚ್ಚಿನ ಕೆಲಸ ಬೆಂಗಳೂರು, ಹೈದರಾಬಾದ್, ನೊಯ್ಡಾದಲ್ಲಿದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದಂದಿನಿಂದ ಆ ಗಾಳಿ ಅತ್ತಲೇ ಬೀಸುತ್ತಿದೆ. ಆದರೂ ನಮ್ಮೂರಿನಲ್ಲಿ ಆಗದೇ ಇಲ್ಲ ಎನ್ನಬೇಡಿ. ಸಂಕಲ್ಪ್ ಸೆಮಿಕಂಡಕ್ಟರ್ ಎಂಬ ಕಂಪನಿ 2005ರಲ್ಲಿ ಹುಬ್ಬಳ್ಳಿಯಲ್ಲೇ ಹುಟ್ಟಿ, ಅನಲಾಗ್ ವಿನ್ಯಾಸದಲ್ಲಿ ಹೆಸರು ಮಾಡಿ, 2019ರಲ್ಲಿ ಎಚ್‌ಸಿಎಲ್ ಕೈಸೇರಿತು. ವಿನ್ಯಾಸಕ್ಕೆ ಬೇಕಾದದ್ದು ಕಾರ್ಖಾನೆಯಲ್ಲ, ಕಂಪ್ಯೂಟರು, ದುಬಾರಿ ಸಾಫ್ಟ್‌ವೇರು, ತಲೆ. ಮೂರನೆಯದು ಇಲ್ಲಿ ಬೇಕಾದಷ್ಟಿದೆ. ಎರಡನೆಯದಕ್ಕೆ ಕೇಂದ್ರ ಸರ್ಕಾರದ ಚಿಪ್ಸ್ ಟು ಸ್ಟಾರ್ಟ್‌ಅಪ್ ಯೋಜನೆಯಲ್ಲಿ ಕಾಲೇಜುಗಳಿಗೆ ಉಪಕರಣ ಒದಗಿಸುವ ವ್ಯವಸ್ಥೆಯಿದೆ. ಸೇರಿಸುವ ಮೊದಲು ನಿಮ್ಮ ಕಾಲೇಜು ಅದರಲ್ಲಿದೆಯೇ ಎಂದು ಕೇಳಿ. ಕಟ್ಟಡ ನೋಡುವುದಕ್ಕಿಂತ ಅದು ಉಪಯುಕ್ತ.

2015ರಿಂದ ಧಾರವಾಡದಲ್ಲಿ ಐಐಐಟಿ, 2016ರಿಂದ ಐಐಟಿ ಇವೆ. 1947ರಲ್ಲಿ ಶುರುವಾದ ಬಿವಿಬಿ ಕಾಲೇಜು ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ. ಇಪ್ಪತ್ತು ಕಿಲೋಮೀಟರ್ ಸುತ್ತಿನಲ್ಲಿ ಇಷ್ಟು ಸಂಸ್ಥೆಗಳಿದ್ದೂ ಒಂದರ ವಿದ್ಯಾರ್ಥಿಗೆ ಇನ್ನೊಂದರ ಪ್ರಯೋಗಾಲಯದ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ ಎಂಬುದು ನನ್ನ ಹಳೆಯ ತಕರಾರು.

ಸಿಎಸ್ (ಕಂಪ್ಯೂಟರ್ ಸೈನ್ಸ್) ತೆಗೆದುಕೊಳ್ಳಲೋ, ಇಸಿ (ಎಲೆಕ್ಟ್ರಾನಿಕ್ಸ್) ತೆಗೆದುಕೊಳ್ಳಲೋ?

ಟ್ರಾನ್ಸಿಸ್ಟರ್, ಸರ್ಕ್ಯೂಟ್ ಇಷ್ಟವಾದರೆ ಇಸಿ. ಕಂಪೈಲರ್, ಆಪರೇಟಿಂಗ್ ಸಿಸ್ಟಂ ಕಡೆಯಿಂದ ಬರುವುದಾದರೆ ಸಿಎಸ್. ಆರ್ಕಿಟೆಕ್ಚರ್ ಎರಡರ ಗಡಿಯಲ್ಲಿದೆ, ಎರಡೂ ಕಡೆಯವರಿಗೆ ಜಾಗವಿದೆ. ಸ್ನಾತಕೋತ್ತರ ಪ್ರವೇಶದ ಗೇಟ್ ಪರೀಕ್ಷೆಯ ಸಿಎಸ್ ಪತ್ರಿಕೆಯಲ್ಲೂ ಕಂಪ್ಯೂಟರ್ ಆರ್ಗನೈಸೇಷನ್ ಮತ್ತು ಆರ್ಕಿಟೆಕ್ಚರ್‌ಗೆ ಪ್ರತ್ಯೇಕ ಭಾಗವಿದೆ, ಹಾಗಾಗಿ ಓದಿದ್ದು ವ್ಯರ್ಥವಾಗದು.

ಕಾಲೇಜಿಗೆ ಸೇರುವ ಮಗನಿಗೆ ಯಾವ ಲ್ಯಾಪ್‌ಟಾಪ್ ಕೊಡಿಸಲಿ?

ಅಂಗಡಿಯವರು ಪ್ರೊಸೆಸರ್‌ನ ಹೆಸರು, ತಲೆಮಾರು, ಗಿಗಾಹರ್ಟ್ಸ್ ಹೇಳುತ್ತಾರೆ. ಅದನ್ನು ಕೇಳಿಸಿಕೊಂಡು ಬೇರೆ ಮೂರು ಪ್ರಶ್ನೆ ಕೇಳಿ. ರ‍್ಯಾಮ್ 16 ಗಿಗಾಬೈಟ್ ಇದೆಯೇ? ಅದು ಎರಡು ಚಾನೆಲ್‌ನಲ್ಲಿದೆಯೇ, ಅಥವಾ ಒಂದೇ ಕಡ್ಡಿಯೇ? ಮುಂದೆ ಹೆಚ್ಚಿಸಲು ಬರುತ್ತದೆಯೇ? ಡಿಡಿಆರ್4 ಯಂತ್ರದಲ್ಲಿ ಒಂದೇ ಕಡ್ಡಿ ಎಂದರೆ ಮೇಲೆ ಹೇಳಿದ 51.2 ಗಿಗಾಬೈಟ್ ಅರ್ಧಕ್ಕಿಳಿದು 25.6 ಆಗುತ್ತದೆ, ಅದೇ ಪ್ರೊಸೆಸರ್ ಇದ್ದರೂ. ಎರಡನೇ ಕಡ್ಡಿ ಹಾಕಿಸಲು ಆಗುವ ಖರ್ಚು ಒಂದು ಮೇಲಿನ ದರ್ಜೆಯ ಪ್ರೊಸೆಸರ್‌ಗೆ ಕೇಳುವ ಹೆಚ್ಚುವರಿ ಬೆಲೆಗಿಂತ ಸಾಮಾನ್ಯವಾಗಿ ಕಡಿಮೆ. ಎಸ್‌ಎಸ್‌ಡಿ ಇರಲೇಬೇಕು. ಆಟದ ಜಿಪಿಯು ಮೊದಲ ವರ್ಷಕ್ಕೆ ಬೇಡ. ಬ್ಯಾಗಿನ ಬದಲು ರ‍್ಯಾಮ್ ಕೊಡಿ ಎಂದು ಚೌಕಾಸಿ ಮಾಡಿ ನೋಡಿ, ಕೆಲವರು ಒಪ್ಪುತ್ತಾರೆ.